ಮರುಭೂಮಿಯಲ್ಲಿ ವಾನಪ್ರಸ್ಥ

(ಪಾರ್ಸಿಪನಿಯಲ್ಲಿ ನಡೆದ ನಮ್ಮ ಕೂಟದ ಹಿರಿಯರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿವೃತ್ತರಾದ ಮೇಲೆ ಎಲ್ಲಿ ನೆಲೆಸುವುದು ಎಂಬುದರ ಬಗ್ಗೆ ನಾಲ್ಕು ಮಾತು ಆಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ನಾನೂ ನನ್ನಾಕೆಯೂ ಹೋದ ವರ್ಷ ಎರಡು ಸಲ ಅರಿಝೋನಾಕ್ಕೆ ಹೋಗಿ ಮನೆ ನೋಡಿಕೊಂಡು ಬಂದ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು. ನಮ್ಮ ಕೂಟದಲ್ಲಿ ಸುದ್ದಿ ಹಬ್ಬುವುದಕ್ಕೆ ಸ್ಮರಣ ಸಂಚಿಕೆ ಬೇಕಾಗಿಲ್ಲ, ಒಂದು ಸತ್ಯನಾರಾಯಣ ಪೂಜೆ ಸಾಕು. ನಾನು ರಿಯಲ್ ಎಸ್ಟೇಟ್ ಪಂಡಿತನಲ್ಲ, ತೆರಿಗೆ ತಜ್ಞನೂ ಅಲ್ಲ. ಕಂಡದ್ದನ್ನು, ವಿಚಾರಿಸಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಹಿರಿಯರ ಲೆಕ್ಕ ಸರಳವಾಗಿತ್ತು. ತಲೆ ನರೆತು, ಮೊಮ್ಮಗುವಿನ ಮುಖ ಕಂಡ ಮೇಲೆ ಕಾಡಿಗೆ ನಡೆ ಎಂದರು ಶಾಸ್ತ್ರಕಾರರು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ನಮ್ಮ ಅಜ್ಜಿಯರು ಗೊಣಗಿದರು. ನಮ್ಮ ತಲೆಮಾರಿಗೆ ಬಂದಿರುವ ವಿಚಿತ್ರವೆಂದರೆ, ಊರು ಹೋಗು ಅನ್ನುತ್ತಿರುವುದು ಪ್ರಾಪರ್ಟಿ ಟ್ಯಾಕ್ಸಿನ ಬಾಯಲ್ಲಿ; ಬಾ ಎಂದು ಕರೆಯುತ್ತಿರುವುದು ಕಾಡಲ್ಲ, ಮರುಭೂಮಿ. ಅದೂ ಗಾಲ್ಫ್ ಮೈದಾನ, ಈಜುಕೊಳ, ಕುಂಬಾರಿಕೆಯ ಕ್ಲಬ್ಬು ಎಲ್ಲ ಇಟ್ಟುಕೊಂಡು ಕರೆಯುತ್ತಿದೆ. ಫೆಬ್ರವರಿಯಲ್ಲಿ ಡ್ರೈವ್‌ವೇಯ ಹಿಮ ಎತ್ತಿ ಸೊಂಟ ಹಿಡಿದುಕೊಂಡು ಕೂತಾಗ ಈ ಕರೆ ಇನ್ನಷ್ಟು ಮಧುರವಾಗಿ ಕೇಳುತ್ತದೆ.

ಈ ಕರೆಗೆ ಇತಿಹಾಸವಿದೆ. ಫೀನಿಕ್ಸ್ ನಗರದ ವಾಯವ್ಯಕ್ಕೆ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ, ಡೆಲ್ ವೆಬ್ ಎಂಬ ಕಟ್ಟಡ ಕಂತ್ರಾಟುದಾರ 1960ರ ಜನವರಿ 1ರಂದು ಸನ್ ಸಿಟಿಯ ಬಾಗಿಲು ತೆರೆದ. ಮನೆಗಳಿಗಿಂತ ಮೊದಲೇ ಗಾಲ್ಫ್ ಮೈದಾನ, ಈಜುಕೊಳ, ಅಂಗಡಿಸಾಲು ಕಟ್ಟಿ ಇಟ್ಟಿದ್ದ. ಆ ವಾರಾಂತ್ಯ ನೋಡಲು ಬಂದವರು ಸುಮಾರು 1,00,000 ಜನ! ಅತಿ ಅಗ್ಗದ ಮನೆಗೆ ಸುಮಾರು 8,500 ಡಾಲರು. 1962ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂತು. ನ್ಯೂಯಾರ್ಕಿನ ಆಸುಪಾಸಿನವರಾದ ನಮಗೆ ಅವನು ಪೂರಾ ಅಪರಿಚಿತನಲ್ಲ. 1945ರಿಂದ ಸುಮಾರು ಇಪ್ಪತ್ತು ವರ್ಷ ಯಾಂಕೀಸ್ ತಂಡದ ಒಡೆಯರಲ್ಲಿ ಒಬ್ಬ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಪೋಸ್ಟನ್ ಶಿಬಿರ ಕಟ್ಟಿದ್ದೂ ಇವನ ಕಂಪನಿಯೇ. ಒಂದೇ ಮರುಭೂಮಿ, ಒಬ್ಬನೇ ಕಂತ್ರಾಟುದಾರ. ಒಂದು ಕಡೆಗೆ ಜನರನ್ನು ಬಲವಂತವಾಗಿ ಸಾಗಿಸಿದರು, ಇನ್ನೊಂದು ಕಡೆಗೆ ಜನ ಸಾಲುಗಟ್ಟಿ ಬಂದರು.

ಸನ್ ಸಿಟಿ ತುಂಬಿದ ಮೇಲೆ 1978ರಲ್ಲಿ ಸನ್ ಸಿಟಿ ವೆಸ್ಟ್, 1996ರಲ್ಲಿ ಪಕ್ಕದ ಸರ್‌ಪ್ರೈಜ್ ಎಂಬ ಊರಿನಲ್ಲಿ ಸನ್ ಸಿಟಿ ಗ್ರಾಂಡ್ ಎದ್ದವು. ನಗರದ ಇನ್ನೊಂದು ತುದಿಗೆ, ಆಗ್ನೇಯದಲ್ಲಿ, ಚಾಂಡ್ಲರ್ ಊರಿಗೆ ಅಂಟಿಕೊಂಡಂತೆ ಸನ್ ಲೇಕ್ಸ್ ಇದೆ. ಅದು 1970ರ ದಶಕದಲ್ಲಿ ಬೇರೆ ಕಂಪನಿ ಆರಂಭಿಸಿದ್ದು. ಇನ್ನೂ ಎಷ್ಟೋ ಇವೆ. ನಾವು ಕಾಲಿಟ್ಟು ನೋಡಿದ್ದು ಈ ನಾಲ್ಕನ್ನು.

ಫೆಬ್ರವರಿಯಲ್ಲಿ ಹೋದಾಗ ಸನ್ ಸಿಟಿಗೆ ಮನಸೋಲದಿರುವುದು ಕಷ್ಟ. ಎಪ್ಪತ್ತರ ಮೇಲಿನ ತಾಪಮಾನ, ಬೀದಿಯುದ್ದಕ್ಕೂ ಕಿತ್ತಳೆ ಮರಗಳು. ಬೀದಿಗಳೆಲ್ಲ ವೃತ್ತಾಕಾರ, ಮೇಲಿನಿಂದ ನೋಡಿದರೆ ರಂಗೋಲಿ ಎಳೆದಂತೆ. ಅಜ್ಜಅಜ್ಜಿಯರು ಗಾಲ್ಫ್ ಕಾರ್ಟಿನಲ್ಲೇ ರಸ್ತೆಗಿಳಿದು ತರಕಾರಿಗೆ, ಬ್ಯಾಂಕಿಗೆ ಹೋಗಿಬರುತ್ತಾರೆ. ಸುಮಾರು 40,000 ಜನರಿರುವ ಈ ಊರಿಗೆ ಮೇಯರೂ ಇಲ್ಲ, ಪುರಸಭೆಯೂ ಇಲ್ಲ. ಕಾವಲು ತಿರುಗುವುದಕ್ಕೆ ನಿವೃತ್ತರದೇ ಸ್ವಯಂಸೇವಕ ಪಡೆ, ಬೀದಿ ಚೊಕ್ಕಟ ಮಾಡುವುದಕ್ಕೆ ಪ್ರೈಡ್ಸ್ ಎಂಬ ಇನ್ನೊಂದು ಪಡೆ. ಎಂಬತ್ತು ದಾಟಿದವರೊಬ್ಬರು ಕಸ ಹೆಕ್ಕುವ ಇಕ್ಕಳ ಹಿಡಿದು ನಮಗೆ ಗುಡ್ ಮಾರ್ನಿಂಗ್ ಹೇಳಿದರು. 1970ರಲ್ಲಿ ತೆರೆದ ಬಾಸ್‌ವೆಲ್ ಆಸ್ಪತ್ರೆ ಊರೊಳಗೇ ಇದೆ. ಹಳೆಯ ಮನೆಗಳಾದ್ದರಿಂದ ಬೆಲೆಯೂ ಗ್ರಾಂಡ್‌ಗಿಂತ ಹಗುರ. ಸವಲತ್ತಿನ ಲೆಕ್ಕ ಮಾತ್ರ ಹಾಕಿದರೆ ನಾಲ್ಕರಲ್ಲಿ ಸನ್ ಸಿಟಿಯೇ ಮೇಲು ಎಂದು ನಾನು ಇಂದಿಗೂ ಹೇಳುತ್ತೇನೆ.

ಆದರೆ ಒಂದು ವಿಷಯ ನನ್ನನ್ನು ಚುಚ್ಚಿತು. 1960, 70ರ ದಶಕಗಳಲ್ಲಿ ಇಲ್ಲಿನ ನಿವೃತ್ತರು ಶಾಲೆಗಳಿಗೆ ಸಾಲ ಎತ್ತುವ ಪ್ರಸ್ತಾಪಗಳನ್ನು ಮತ್ತೆ ಮತ್ತೆ ಮತ ಹಾಕಿ ಸೋಲಿಸಿದರು. ಕಡೆಗೆ ಪಕ್ಕದ ಪಿಯೋರಿಯಾ ಶಾಲಾ ಜಿಲ್ಲೆಯಿಂದ ಸನ್ ಸಿಟಿಯನ್ನೇ ಹೊರಗಿಡಬೇಕಾಯಿತು. ಅದರಿಂದ ಅವರ ತೆರಿಗೆ ಇಳಿಯಿತು, ನಿಜ. ನಾವು ಪಾರ್ಸಿಪನಿಗೆ ಬಂದದ್ದೇ ಶಾಲೆ ಚೆನ್ನಾಗಿದೆ ಎಂದು. ನಮ್ಮ ಮಕ್ಕಳು ಓದುವಾಗ ಊರಿನ ಮುದುಕರು ಆ ತೆರಿಗೆ ಕಟ್ಟುತ್ತಿದ್ದರು. ಈ ಮಾತು ಹೇಳಿದರೆ ಹಲವರಿಗೆ ಹಿತವಾಗದು, ಇರಲಿ.

ಇನ್ನು ಕಟ್ಟಳೆಗಳಿಗೆ ಬರೋಣ. 1995ರ ಫೆಡರಲ್ ಕಾನೂನಿನ ಪ್ರಕಾರ ಇಂಥ ಊರುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಮನೆಗಳಲ್ಲಿ 55 ದಾಟಿದವರು ಒಬ್ಬರಾದರೂ ಇರಬೇಕು. ಚಿಕ್ಕವರು ಖಾಯಮ್ಮಾಗಿ ಇರುವಂತಿಲ್ಲ. ಅತಿಥಿಗಳಾಗಿ ಬರುವ ಮಕ್ಕಳಿಗೆ ವರ್ಷಕ್ಕೆ ಇಷ್ಟೇ ದಿನ ಎಂಬ ಮಿತಿ ಇರುತ್ತದೆ. ಅಮೆರಿಕನ್ನರಿಗೆ ಇದೊಂದು ದೊಡ್ಡ ವಿಷಯವಲ್ಲ. ನಮಗೆ? ಮಗಳ ಬಾಣಂತನ ಯಾರ ಮನೆಯಲ್ಲಿ? ಮೂರು ತಿಂಗಳು ಎಣ್ಣೆನೀರು ಹಾಕಿ ಆರೈಕೆ ಮಾಡುವುದು ನಮ್ಮಲ್ಲಿ ಇನ್ನೂ ಉಳಿದಿದೆ. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಬೇಸಿಗೆ ರಜ ಪೂರ್ತಿ ಮೊಮ್ಮಕ್ಕಳು ಅಜ್ಜಿಯ ಮನೆಯಲ್ಲಿ ಎಂದರೆ ದಿನ ಎಣಿಸಬೇಕಾಗುತ್ತದೆ. ಮಾರಾಟದ ಹುಡುಗಿಯನ್ನು ನನ್ನಾಕೆ ಮೊದಲು ಕೇಳಿದ ಪ್ರಶ್ನೆಯೇ ಇದು. ಪಾಪ, ಬಾಣಂತನ ಎಂದರೇನೆಂದು ವಿವರಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಕೊನೆಗೆ ಆಕೆ, "ಕೂಸು ನಿಮ್ಮ ಅತಿಥಿ, ದಿನಗಳ ಲೆಕ್ಕ ಇಟ್ಟುಕೊಳ್ಳಿ" ಎಂದಳು. ನಿಯಮಗಳು ಒಂದೊಂದು ಊರಿಗೆ ಒಂದೊಂದು ಬಗೆ. ಸಹಿ ಹಾಕುವ ಮೊದಲು ಆ ದಪ್ಪ ಪುಸ್ತಕವನ್ನು ನೀವೇ ಓದಿ. ಮೊದಲ ಸಲ ಕೊಳ್ಳುವವರು ಕಟ್ಟಬೇಕಾದ ಪ್ರವೇಶ ಶುಲ್ಕ, ಆಮೇಲಿನ ವರ್ಷದ ಶುಲ್ಕ ಎಲ್ಲ ಅದರಲ್ಲೇ ಇರುತ್ತದೆ.

ಎರಡನೆಯ ಸಲ ನಾವು ಹೋದದ್ದು ಜುಲೈ ತಿಂಗಳಲ್ಲಿ. ಇದು ನನ್ನಾಕೆಯ ಹಟ. "ಹೆಣ್ಣು ನೋಡೋದಕ್ಕೆ ಮದುವೆ ಮನೆಗೆ ಹೋಗಬಾರದು, ಬೆಳಗಿನ ಜಾವ ಅವರ ಮನೆಗೇ ಹೋಗಬೇಕು" ಎಂಬುದು ಅವಳ ತತ್ವ. ವಿಮಾನ ನಿಲ್ದಾಣದ ಬಾಗಿಲು ತೆರೆದೊಡನೆ ಮುಖಕ್ಕೆ ಬಡಿದದ್ದು ಗಾಳಿಯಲ್ಲ, ಒಲೆಯ ಉಸಿರು. ರಾಯಚೂರು, ಬಳ್ಳಾರಿ ಕಡೆಯ ಮಿತ್ರರು ಇಲ್ಲಿ ಕೂತು ನಗುತ್ತಿದ್ದಾರೆ, ನಮಗೆ ಇದೇನು ಹೊಸದೇ ಎಂದು. ಸ್ವಾಮಿ, 2023ರಲ್ಲಿ ಫೀನಿಕ್ಸಿನಲ್ಲಿ ಒಂದರ ಹಿಂದೆ ಒಂದರಂತೆ 31 ದಿನ 110 ಡಿಗ್ರಿಗೆ ಕಡಿಮೆಯಾಗದೆ ಬಿಸಿಲು ಕಾದಿತು. ನಮ್ಮ ಸೆಂಟಿಗ್ರೇಡಿನಲ್ಲಿ 43ರ ಮೇಲೆ. ಅದಕ್ಕಿಂತ ಗಾಬರಿಯ ವಿಷಯ ರಾತ್ರಿಯದು. ಆ ಜುಲೈಯ ಒಂದು ದಿನ ಅತಿ ಕಡಿಮೆ ತಾಪಮಾನವೇ 97 ಡಿಗ್ರಿ. ಊರಿನಲ್ಲಿ ನಾವು ಅಂಗಳದಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವಲ್ಲ, ಆ ಉಪಾಯ ಅಲ್ಲಿ ನಡೆಯದು. ಆ ವರ್ಷ ಮಾರಿಕೋಪ ಕೌಂಟಿಯೊಂದರಲ್ಲೇ ಶಾಖದಿಂದ ಸತ್ತವರ ಸಂಖ್ಯೆ 645. ಬಹಳ ಮಂದಿ ನೆಲೆಯಿಲ್ಲದ ಬಡವರು; ಆದರೆ ಮನೆಯೊಳಗೇ, ಕೆಟ್ಟುಹೋದ ಏರ್ ಕಂಡೀಶನರ್ ಕೆಳಗೆ ಸತ್ತ ವೃದ್ಧರೂ ಇದ್ದರು. ಮನೆ ನೋಡುವಾಗ ಅಡುಗೆಮನೆಯ ಗ್ರಾನೈಟ್ ಕಲ್ಲು ಸವರಿ ಸಂತೋಷಪಡುವ ಬದಲು ಏರ್ ಕಂಡೀಶನರ್ ವಯಸ್ಸೆಷ್ಟು ಎಂದು ಕೇಳಿ. ಜುಲೈಯಲ್ಲಿ ಅಲ್ಲಿ ವಾಕಿಂಗ್ ಎಂದರೆ ಬೆಳಗ್ಗೆ ಐದಕ್ಕೆ. ಆರೂವರೆಗೆ ಎಲ್ಲರೂ ಒಳಗೆ, ಪರದೆ ಎಳೆದು. ನಾವು ಫೆಬ್ರವರಿಯಲ್ಲಿ ಮನೆಯೊಳಗೆ ಕೂರುವುದನ್ನು ಅವರು ಜುಲೈಯಲ್ಲಿ ಕೂರುತ್ತಾರೆ, ಅಷ್ಟೆ.

ನೀರಿನ ಮಾತು ಬೇರೆ ಇದೆ. ನಾವಿರುವ ಊರಿನ ಅಂಚಿನಲ್ಲೇ ಬೂಂಟನ್ ಜಲಾಶಯವಿದೆ. ಅದರ ನೀರು ಜರ್ಸಿ ಸಿಟಿಗೆ ಹೋಗುತ್ತದೆ. ಅಮೆರಿಕದಲ್ಲಿ ಒಂದು ಊರಿಗೆ ಊರೇ ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸಲು ಶುರುಮಾಡಿದ್ದು ಇಲ್ಲೇ, 1908ರಲ್ಲಿ. ಆ ದಂಡೆಯ ಮೇಲೆ ಓಡಾಡಿದವರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. ಅರಿಝೋನಾದಲ್ಲಿ ಕೇಳಬೇಕು. ಅಲ್ಲಿನ 1980ರ ಅಂತರ್ಜಲ ಕಾಯಿದೆಯ ಪ್ರಕಾರ ಹೊಸ ಬಡಾವಣೆಗೆ ನೂರು ವರ್ಷದ ನೀರು ತೋರಿಸಬೇಕು. 2021ರಲ್ಲಿ ಕೊಲರಾಡೋ ನದಿಗೆ ಮೊದಲ ಬಾರಿಗೆ ಕೊರತೆ ಘೋಷಣೆಯಾಯಿತು. 2023ರ ಜನವರಿಯಲ್ಲಿ ರಿಯೋ ವರ್ಡಿ ಫುಟ್‌ಹಿಲ್ಸ್ ಎಂಬ ಬಡಾವಣೆಗೆ ಟ್ಯಾಂಕರಿನಲ್ಲಿ ಹೋಗುತ್ತಿದ್ದ ನೀರನ್ನು ಪಕ್ಕದ ಸ್ಕಾಟ್ಸ್‌ಡೇಲ್ ನಗರ ನಿಲ್ಲಿಸಿತು; ಲಕ್ಷಗಟ್ಟಲೆ ಡಾಲರಿನ ಮನೆಗಳವರು ಕಾಗದದ ತಟ್ಟೆಯಲ್ಲಿ ಉಂಡರು. ಅದೇ ಜೂನ್‌ನಲ್ಲಿ, ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಸುತ್ತ ಇನ್ನು ಒಪ್ಪಿಗೆ ಇಲ್ಲ ಎಂದು ರಾಜ್ಯ ಸರ್ಕಾರ ಸಾರಿತು. ಇದರಿಂದ ಹಳೆಯ ಊರುಗಳ ನಲ್ಲಿ ನಾಳೆಯೇ ಒಣಗುವುದಿಲ್ಲ. ಆದರೆ ಕಣ್ಣು ಹರಿದಷ್ಟು ದೂರದಲ್ಲಿ ಏನೂ ಇಲ್ಲದ ಕಡೆ, ಅಗ್ಗ ಎಂದು ಹೊಸ ಮನೆ ತೋರಿಸಿದರೆ ಮೊದಲ ಪ್ರಶ್ನೆ ನೀರಿನದಾಗಲಿ.

ಆರೋಗ್ಯದ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿನ ಮಣ್ಣಿನ ಧೂಳಿನಲ್ಲಿರುವ ಒಂದು ಬಗೆಯ ಶಿಲೀಂಧ್ರದಿಂದ ವ್ಯಾಲಿ ಫೀವರ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಬಹಳ ಮಂದಿಗೆ ತಾನಾಗಿಯೇ ವಾಸಿಯಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ಸ್ವಲ್ಪ ಜೋರು. ಈ ಕೊಠಡಿಯಲ್ಲಿ ಸಕ್ಕರೆ ಇಲ್ಲದವರು ಎಷ್ಟು ಮಂದಿ ಎಂದು ನಾನು ಕೈ ಎತ್ತಿಸುವುದಿಲ್ಲ. ಸಂಧಿವಾತದವರಿಗೆ ಒಣ ಹವೆ ಹಿತ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಮಂಡಿಯೂ ಆ ಒಂದು ವಾರ ತಕರಾರು ಮಾಡಲಿಲ್ಲ.

ಇಷ್ಟೆಲ್ಲ ಪಟ್ಟಿ ಮಾಡಿಕೊಂಡು ಹೋಗಿದ್ದೆವಲ್ಲ, ಬಂಧುಗಳೇ, ಆ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿ ನಮ್ಮ ತೀರ್ಮಾನವನ್ನು ಮಾಡಿತು. ನಗರದ ಪಶ್ಚಿಮ ಭಾಗದ ಇಂಥದೇ ಒಂದು ಊರಿನಲ್ಲಿ ನಮ್ಮ ಹಾಸನದ ಕಡೆಯ ಹಿರಿಯ ಮಹಿಳೆಯೊಬ್ಬರು ಇದ್ದಾರೆಂದು ಮಿತ್ರರೊಬ್ಬರು ಹೇಳಿ ಕಳಿಸಿದ್ದರು. ಮಿಷಿಗನ್ನಿನಿಂದ ಗಂಡಹೆಂಡತಿ ಬಂದು ನೆಲೆಸಿ ಒಂಬತ್ತು ವರ್ಷ. ಯಜಮಾನರಿಗೆ ಗಾಲ್ಫ್ ಹುಚ್ಚು, ಇವರಿಗೆ ಕಸೂತಿ ಕ್ಲಬ್ಬು. ಏಳು ವರ್ಷ ಸುಖವಾಗಿ ಕಳೆದರು. ಆಮೇಲೆ ಯಜಮಾನರು ತೀರಿಕೊಂಡರು. ಮರುವರ್ಷ ಇವರಿಗೆ ಗ್ಲಾಕೋಮಾ, ಕಾರು ಬಿಡುವುದು ನಿಂತಿತು. ಮಾರಿಕೋಪದಲ್ಲಿ ಸೊಗಸಾದ ಮಹಾಗಣಪತಿ ದೇವಸ್ಥಾನವಿದೆ. ಅವರ ಮನೆಯಿಂದ 50 ಮೈಲಿಗೂ ಮೇಲೆ. ಎರಡು ವರ್ಷದಲ್ಲಿ ಎರಡು ಸಲ ಹೋಗಿದ್ದಾರೆ, ಮಗ ಸಿಯಾಟಲ್‌ನಿಂದ ಬಂದಾಗ. ನೆರೆಯವರು ದೇವರಂಥವರು, ಗುರುವಾರ ಗುರುವಾರ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಊರಿನ ಮೇಲೆ ಅವರದು ಒಂದೂ ದೂರಿಲ್ಲ.

ಅರ್ಧ ಗಂಟೆ ಇದ್ದು ಬರೋಣವೆಂದು ಹೋದವರನ್ನು ನಾಲ್ಕು ಗಂಟೆ ಬಿಡಲಿಲ್ಲ. ಉಪ್ಪಿಟ್ಟು ಮಾಡಿದರು, ಕಾಫಿ ಎರಡು ಸಲ ಆಯಿತು. ಹೊರಡುವಾಗ ನನ್ನಾಕೆಯ ಕೈ ಹಿಡಿದುಕೊಂಡು, "ಇಲ್ಲಿ ಎಲ್ಲರೂ ಒಳ್ಳೆಯವರೇ ಕಣಮ್ಮ. ಆದರೆ ನನಗೆ ಇಂಗ್ಲಿಷಿನಲ್ಲಿ ಅಳೋದಕ್ಕೆ ಬರೋಲ್ಲ" ಎಂದರು.

ಹೊಟೆಲಿಗೆ ಹಿಂತಿರುಗುವ ದಾರಿಯಲ್ಲಿ ನನ್ನಾಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ಕಾರು ಓಡಿಸೋ ಹತ್ತು ವರ್ಷಕ್ಕೆ ಮನೆ ನೋಡ್ತಾ ಇದ್ದೀರಿ. ನಾನು ಒಬ್ಬಳೇ ಇರೋ ಹತ್ತು ವರ್ಷಕ್ಕೆ ನೋಡಿ" ಎಂದಳು. ನಾನು ಅವಳಿಗಿಂತ ಆರು ವರ್ಷ ದೊಡ್ಡವನು. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೇ ಅಂತರ. ಗಂಡಸರು ಮೊದಲು ಹೊರಡುವುದೂ ಲೋಕರೂಢಿ. ಆದರೂ ಮನೆ ಆರಿಸುವಾಗ ಗಾಲ್ಫ್ ಮೈದಾನ ಎಷ್ಟು ದೂರ ಎಂದು ಕೇಳುವವರು ನಾವು.

ಆ ರಾತ್ರಿ ನಕ್ಷೆ ಹರಡಿಕೊಂಡು ಕೂತು ಹೊಸದಾಗಿ ಲೆಕ್ಕ ಹಾಕಿದೆವು. ಸನ್ ಸಿಟಿಗೂ ಸನ್ ಲೇಕ್ಸ್‌ಗೂ ನಡುವೆ ಸುಮಾರು 45 ಮೈಲಿ. ಸನ್ ಲೇಕ್ಸ್‌ನಲ್ಲಿ ಜನ 15,000ದ ಆಸುಪಾಸು. ಕ್ಲಬ್ಬುಗಳು ಸನ್ ಸಿಟಿಯಷ್ಟಿಲ್ಲ, ಊರೊಳಗೇ ದೊಡ್ಡ ಆಸ್ಪತ್ರೆಯೂ ಇಲ್ಲ, ಚಾಂಡ್ಲರ್‌ಗೆ ಹೋಗಬೇಕು. ಆದರೆ ಆ ಚಾಂಡ್ಲರ್‌ನಲ್ಲಿ ಇಂಟೆಲ್ ಕಂಪನಿಯ ದೊಡ್ಡ ಕಾರ್ಖಾನೆಗಳಿವೆ. ಅದರಿಂದಾಗಿ ನಮ್ಮ ಕಡೆಯ ಹುಡುಗಹುಡುಗಿಯರು, ಅವರ ಮಕ್ಕಳುಮರಿ ಅಲ್ಲಿ ಬೇಕಾದಷ್ಟು. ಕೊತ್ತಂಬರಿ, ಕರಿಬೇವು, ನುಗ್ಗೆಕಾಯಿ ಎಲ್ಲ ಹತ್ತಿರದಲ್ಲೇ. ಟೆಂಪಿಯಲ್ಲಿ ಉಡುಪಿಯ ಪುತ್ತಿಗೆ ಮಠದ ವೆಂಕಟಕೃಷ್ಣ ಕ್ಷೇತ್ರವಿದೆ, ಅರ್ಧ ಗಂಟೆಯ ದಾರಿ. ಮಹಾಗಣಪತಿ ದೇವಸ್ಥಾನವೂ ಸನ್ ಸಿಟಿಯಿಂದ ಇರುವ ದೂರದ ಅರ್ಧ. ಅರಿಝೋನಾದ ಕನ್ನಡ ಸಂಘದವರೊಡನೆ ಫೋನಿನಲ್ಲಿ ಮಾತಾಡಿದೆ. ಯುಗಾದಿ, ರಾಜ್ಯೋತ್ಸವ ಎಲ್ಲ ನಡೆಯುತ್ತವೆ. ಹಿರಿಯರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವವರು ಯಾರಾದರೂ ಸಿಗುತ್ತಾರೆಯೇ ಎಂದು ನನ್ನಾಕೆ ಫೋನು ಕಸಿದುಕೊಂಡು ಕೇಳಿದಳು. "ಬನ್ನಿ ಆಂಟೀ, ನಮ್ಮ ಮಕ್ಕಳಿಗೆ ನೀವು ಕನ್ನಡ ಹೇಳಿಕೊಡಿ, ನಿಮ್ಮನ್ನು ನಾವು ಕರೆದುಕೊಂಡು ಹೋಗ್ತೀವಿ" ಎಂದಿತು ಆ ಕಡೆಯ ಹುಡುಗಿ. ಈ ವ್ಯಾಪಾರ ನನ್ನಾಕೆಗೆ ಬಹಳ ಹಿಡಿಸಿದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ನ್ಯೂಜರ್ಸಿಯಲ್ಲಿ ಒಂದು ಮನೆಯ ಸರಾಸರಿ ಪ್ರಾಪರ್ಟಿ ಟ್ಯಾಕ್ಸ್ 2024ರಲ್ಲಿ 10,000 ಡಾಲರ್ ದಾಟಿತು. ಅರಿಝೋನಾದಲ್ಲಿ ಅದರ ಸಣ್ಣ ಪಾಲು. ಸೋಷಿಯಲ್ ಸೆಕ್ಯುರಿಟಿಗೆ ಎರಡೂ ರಾಜ್ಯಗಳು ತೆರಿಗೆ ಹಾಕುವುದಿಲ್ಲ. ಬೇರೆ ವರಮಾನಕ್ಕೆ ಅರಿಝೋನಾದಲ್ಲಿ 2023ರಿಂದ ಎಲ್ಲರಿಗೂ ಒಂದೇ ದರ, ಶೇಕಡಾ 2.5. ನ್ಯೂಜರ್ಸಿ ಬಿಟ್ಟು ಹೋಗುವವರಿಗೆ "ಎಕ್ಸಿಟ್ ಟ್ಯಾಕ್ಸ್" ಇದೆ ಎಂದು ಬಹಳ ಮಂದಿ ಹೆದರಿಸುತ್ತಾರೆ. ಅದು ಬೇರೆ ತೆರಿಗೆಯೇ ಅಲ್ಲ, ಮನೆ ಮಾರಿದ ಲಾಭದ ಮೇಲಿನ ತೆರಿಗೆಗೆ ಮುಂಗಡ. ಎರಡೂ ಕಡೆ ಮನೆ ಇಟ್ಟುಕೊಂಡು ಚಳಿಗಾಲಕ್ಕೆ ಮಾತ್ರ ಹಾರಿಹೋಗುವವರು ನೆನಪಿಡಿ: ಇಲ್ಲಿ ಖಾಯಂ ಮನೆ ಇದ್ದು 183 ದಿನ ಮೀರಿ ಇದ್ದರೆ ನ್ಯೂಜರ್ಸಿ ನಿಮ್ಮನ್ನು ತನ್ನವರೆಂದೇ ಲೆಕ್ಕ ಹಾಕುತ್ತದೆ.

ಹಾಗಾದರೆ ಇಲ್ಲೇ ಇರಬಾರದೇ ಎಂದು ಕೇಳುವಿರಿ. ಇರಬಹುದು. ಮನ್ರೋ ಟೌನ್‌ಶಿಪ್ಪಿನಲ್ಲಿ 55ರ ಮೇಲಿನವರ ಊರುಗಳು ಹತ್ತಾರಿವೆ. ಎಡಿಸನ್ನಿನ ಕೃಷ್ಣ ವೃಂದಾವನ ಹತ್ತಿರ, ಮಕ್ಕಳೂ ಹತ್ತಿರ. ಹಿಮ ಎತ್ತುವುದು ಅವರ ಜವಾಬ್ದಾರಿ, ಜಾರಿ ಬೀಳುವುದು ಮಾತ್ರ ನಮ್ಮದು. ಮಕ್ಕಳು ನ್ಯೂಜರ್ಸಿಯಲ್ಲೇ ನೆಲೆನಿಂತವರಿಗೆ ನನ್ನ ಸಲಹೆ ಮನ್ರೋ, ಎರಡು ಮಾತಿಲ್ಲ. ನಮ್ಮ ಮಗ ಕ್ಯಾಲಿಫೋರ್ನಿಯಾ, ಮಗಳು ಡೆನ್ವರ್. ಅದರಿಂದ ನಮ್ಮ ತೂಕ ಪಶ್ಚಿಮಕ್ಕೆ ವಾಲಿತು. ಫ್ಲಾರಿಡಾದ ಟವಾರೆಸ್‌ನಲ್ಲಿ ಭಾರತೀಯರಿಗೆಂದೇ ಕಟ್ಟಿದ ಶಾಂತಿನಿಕೇತನವಿದೆ, ಊಟದ ಮನೆಯಲ್ಲಿ ನಮ್ಮ ಅಡುಗೆ. ನಾವು ಅಲ್ಲಿಗೆ ಹೋಗಿಲ್ಲ, ಹೋದವರು ಚಹಾದ ಹೊತ್ತಿಗೆ ನಮಗೂ ತಿಳಿಸಬೇಕು. ಮೈಸೂರಿಗೆ ಹಿಂತಿರುಗುವ ಆಸೆ ಇರುವವರಿಗೆ ಒಂದೇ ಮಾತು: ಸೋಷಿಯಲ್ ಸೆಕ್ಯುರಿಟಿ ಅಲ್ಲಿಗೆ ಬರುತ್ತದೆ, ಮೆಡಿಕೇರ್ ಬರುವುದಿಲ್ಲ.

ನಾವು ಮನೆ ಕೊಂಡಿಲ್ಲ, ಇಲ್ಲಿನ ಮನೆ ಮಾರಿಯೂ ಇಲ್ಲ. ಬರುವ ಅಕ್ಟೋಬರಿನಿಂದ ಒಂದು ವರ್ಷಕ್ಕೆ ಸನ್ ಲೇಕ್ಸ್‌ನಲ್ಲಿ ಬಾಡಿಗೆಗೆ ಹಿಡಿದಿದ್ದೇವೆ, ಜುಲೈ ಸೇರಿಸಿ. ಕಾರು ಒಂದೇ ಒಯ್ಯುತ್ತೇವೆ. ವಾರಕ್ಕೆ ಎರಡು ದಿನ ನಾನು ಸ್ಟಿಯರಿಂಗ್ ಮುಟ್ಟಬಾರದು, ಕಾರಿಲ್ಲದೆ ದಿನ ಹೇಗೆ ಕಳೆಯುತ್ತದೆ ನೋಡಬೇಕು ಎಂದು ನನ್ನಾಕೆ ಷರತ್ತು ಹಾಕಿದ್ದಾಳೆ. ಹಾಸನದ ಆ ಹಿರಿಯರಿಗೂ ಫೋನು ಮಾಡಿ, ಅದೇ ಬೀದಿಯಲ್ಲಿ ಚಿಕ್ಕ ಮನೆಯೊಂದು ಖಾಲಿ ಇದೆ ಎಂದು ತಿಳಿಸಿದ್ದಾಳೆ. ಅವರು ಯೋಚನೆ ಮಾಡುತ್ತಿದ್ದಾರೆ. ಅರಿಝೋನಾದವರು ಗಡಿಯಾರವನ್ನು ಹಿಂದೆ ಮುಂದೆ ಮಾಡುವುದಿಲ್ಲ, ಬೇಸಿಗೆಯಲ್ಲಿ ನಿಮಗಿಂತ ಮೂರು ಗಂಟೆ ಹಿಂದೆ ಇರುತ್ತೇವೆ. ಬೆಳಗ್ಗೆ ಎಂಟಕ್ಕೆ ಕಾಫಿ ಕುಡಿಯುತ್ತಾ ದಯವಿಟ್ಟು ಫೋನು ಮಾಡಬೇಡಿ. ಅತಿಥಿಗಳ ಕೋಣೆ ಒಂದಿದೆ, ನೋಡುವ ಆಸೆಯಿದ್ದವರು ಬನ್ನಿ. ಫೆಬ್ರವರಿಗೆ ಆಗಲೇ ಮೂರು ಕುಟುಂಬ ಹೆಸರು ಬರೆಸಿದೆ. ಜುಲೈ ಇನ್ನೂ ಪೂರ್ತಿ ಖಾಲಿ.